‘ನಮ್ಮ ಮನೆಯವಳ ಹಾಗಿದ್ದಳು’ ಅನ್ನೋ ಮಾತು ವಾಪಸ್ ತಗೊಳ್ಳಿ



ನಮ್ಮಜ್ಜಿ ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ರಾತ್ರಿ ಬಸ್ ಹಿಡಿದು ಬಂದು ಮಣ್ಣು ಹಾಕಿ ಹೋದ ಸಂಗಾತಿಗಳಿಗೆ ಶರಣು. ತಿಥಿ ಎಲ್ಲ ಮುಗಿದ ಮೇಲೆ ಅಜ್ಜಿ ಬಗ್ಗೆ ನಿಧಾನಕ್ಕೆ ಬರೆಯೋಣ ಅಂತಿದ್ದೆ. ನನಗಿಂತ ಮುಂಚೆ ಬೇರೆಯವರು ಬರೆದುಬಿಟ್ಟರು. ಅದಕ್ಕೇ ಈ ಪೋಸ್ಟ್. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮೂರಿನ ದೊಡ್ಡ ಮನೆಯವರೊಬ್ಬರು, ಈಗ ಬೆಂಗಳೂರಲ್ಲಿದ್ದಾರೆ, ಅಜ್ಜಿಯ ಫೋಟೋ ಹಾಕಿ ಶ್ರದ್ಧಾಂಜಲಿ ಬರೆದಿದ್ದಾರೆ. ಅದರ ಸಾರ ಇಷ್ಟು: ನಮ್ಮಪ್ಪನನ್ನೂ ನನ್ನನ್ನೂ ಭೂಮಿಗೆ ತಂದ ಕೈ ಅದು. ನಮ್ಮ ಮನೆಯವಳ ಹಾಗೇ ಇದ್ದಳು. ನಮ್ಮಲ್ಲಿ ಯಾವತ್ತೂ ಜಾತಿ ಅಂತ ನೋಡಲಿಲ್ಲ. ಒಂದು ದಿನಕ್ಕೂ ಯಾರನ್ನೂ ದೂರಿದವಳಲ್ಲ, ತಾಳ್ಮೆಯ ಮೂರ್ತಿ. ಇಂಥ ಸಂಬಂಧಗಳನ್ನ ಈಗಿನ ರಾಜಕೀಯ ಹಾಳು ಮಾಡ್ತಿದೆ.

ಓದಿದವರು ಚಪ್ಪಾಳೆ ತಟ್ಟಿದ್ದಾರೆ. ನಮ್ಮದೇ ಸಭೆಗಳಿಗೆ ಬರೋ ಕೆಲವು ಪ್ರಗತಿಪರ ಗೆಳೆಯರು ‘ಕಣ್ಣು ತೇವ ಆಯ್ತು’, ‘ಮಾನವೀಯ ಬರಹ’ ಅಂತ ಬರೆದು ಹಂಚಿಕೊಂಡಿದ್ದಾರೆ.

ಬರೆದವರ ಹೆಸರು ಹಾಕಲ್ಲ. ಊರ ಹೆಸರೂ ಹಾಕಲ್ಲ. ಯಾಕಂದ್ರೆ ಇದು ಒಬ್ಬರ ಮೇಲಿನ ಜಗಳ ಅಲ್ಲ. ನಿಮ್ಮೂರಲ್ಲೂ ಇಂಥದ್ದೊಂದು ಮನೆ ಇದೆ. ನಿಮ್ಮ ಕೇರಿಯಲ್ಲೂ ‘ಅವರ ಮನೆಯವಳ ಹಾಗೆ’ ಇದ್ದು ಸತ್ತ ಒಬ್ಬ ಅಜ್ಜಿ ಇದ್ದಾಳೆ. 

ಮೊದಲು ಆ ‘ಹಾಗೆ’ ಅನ್ನೋ ಪದ ನೋಡೋಣ. ಮನೆ ಮಗಳನ್ನ ಯಾರೂ ‘ಮಗಳ ಹಾಗೆ’ ಅನ್ನಲ್ಲ, ಮಗಳು ಅಂತಾರೆ. ‘ಹಾಗೆ’ ಬಂತು ಅಂದ್ರೆ ಅಲ್ಲೊಂದು ಹೊಸ್ತಿಲು ಇದೆ ಅಂತ ಅರ್ಥ. ಮನೆ ಮಗಳಿಗೆ ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ. ಮನೆ ಮಗಳ ‘ಹಾಗೆ’ ಇರೋಳಿಗೆ ಏನಿದೆ? ಹಬ್ಬದ ಮಾರನೇ ದಿನ ಹಳಸಿದ ಅನ್ನ ಇದೆ. ಗೌರಿ ಹಬ್ಬಕ್ಕೆ ಹಳೇ ಸೀರೆ ಇದೆ. ಸತ್ತ ಮೇಲೆ ಒಂದು ಪೋಸ್ಟ್ ಇದೆ.

ಇನ್ನೊಂದು ಪದ ನೋಡಿ. ‘ಇದ್ದಳು’. ಬರೆದವರಿಗೆ ಸುಮಾರು ನಲವತ್ತು ವರ್ಷ. ನಮ್ಮಜ್ಜಿಗೆ ಎಂಬತ್ತನಾಲ್ಕೋ ಎಂಬತ್ತೈದೋ. ಅದೇ ವ್ಯಕ್ತಿ ಎರಡು ವರ್ಷದ ಹಿಂದೆ ತಮ್ಮಜ್ಜಿ ಹೋದಾಗ ‘ನಮ್ಮನ್ನಗಲಿದರು’ ಅಂತ ಬರೆದಿದ್ದರು. ಅವರಜ್ಜಿ ‘ಹೋದರು’, ನಮ್ಮಜ್ಜಿ ‘ಹೋದಳು’. ಜಾತಿ ನೋಡದ ಮನೆಯ ಕನ್ನಡ ಇದು! ನಾನು ಅಜ್ಜಿನ ‘ಅವಳು’ ಅಂತೀನಿ, ಈ ಪೋಸ್ಟಿನ ತುಂಬ ಹಾಗೇ ಅಂತೀನಿ. ಅದು ಮೊಮ್ಮಗಳ ಸಲಿಗೆ, ಅವಳೇ ಕೊಟ್ಟಿದ್ದು. ನಿಮಗೆ ಆ ಏಕವಚನ ಯಾರು ಕೊಟ್ಟರು ಸ್ವಾಮಿ? ಐದು ವರ್ಷದ ಹುಡುಗನಾಗಿದ್ದಾಗಲೇ ಜಗಲಿ ಮೇಲೆ ನಿಂತು ಅವಳನ್ನ ‘ಲೇ, ಬಾರೇ ಇಲ್ಲಿ’ ಅಂತ ಕೂಗೋದನ್ನ ನಿಮಗೆ ಕಲಿಸಿದವರು ಯಾರು?

*

ಈಗ ನಮ್ಮಜ್ಜಿ ಯಾರು ಅಂತ ಹೇಳ್ತೀನಿ.

ಅವಳ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ನಮ್ಮ ಕೇರಿಯ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದವರು, ನಿಮಗೆ ಗೊತ್ತಿದೆ. ಊರಿನ ನೂರಾರು ಮಕ್ಕಳು ಯಾವ ಹೊತ್ತಲ್ಲಿ, ಯಾವ ಮಳೆಯಲ್ಲಿ ಹುಟ್ಟಿದ್ದು ಅಂತ ಬಾಯಲ್ಲೇ ಹೇಳ್ತಿದ್ದಳು. ‘ನೀನು ಮಗಾ ಹುಬ್ಬೆ ಮಳೆಯಲ್ಲಿ, ಕೋಳಿ ಕೂಗೋ ಹೊತ್ತು’ ಅಂತ. ಅವಳು ಹುಟ್ಟಿದ್ದು ಯಾವಾಗ ಅಂತ ಬರೆದಿಟ್ಟೋರು ಯಾರೂ ಇರಲಿಲ್ಲ.

ನನಗೆ ಅವಳು ಅಜ್ಜಿ ಮಾತ್ರ ಅಲ್ಲ. ನನ್ನ ಮೊದಲ ಗೆಳತಿ, ಕೊನೇವರೆಗೂ ಇದ್ದ ಗೆಳತಿ. ಅವ್ವನಿಗೆ ಹೇಳಕ್ಕಾಗದ್ದನ್ನ ಅವಳಿಗೆ ಹೇಳ್ತಿದ್ದೆ. ಹಾಸ್ಟೆಲಿಂದ ರಜಕ್ಕೆ ಬಂದ್ರೆ ರಾತ್ರಿಯೆಲ್ಲ ಅವಳ ಚಾಪೆ ಮೇಲೇ ನನ್ನ ಮಾತು. ಎಲೆ ಅಡಿಕೆ ಕುಟ್ಟುತ್ತಾ ಕೇಳೋಳು, ಮಧ್ಯದಲ್ಲಿ ಒಂದೇ ಒಂದು ಪ್ರಶ್ನೆ ಹಾಕೋಳು, ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ತಿರಲಿಲ್ಲ. ಬೆಳಗ್ಗೆ ನಾನು ಪೇಪರ್ ಓದಿ ಹೇಳಬೇಕು. ಒಬ್ಬೊಬ್ಬ ಮಂತ್ರಿಗೂ ಒಂದೊಂದು ಅಡ್ಡ ಹೆಸರು ಇಟ್ಟಿದ್ದಳು, ಇಲ್ಲಿ ಬರೆದರೆ ನನ್ನ ಮೇಲೆ ಕೇಸ್ ಬೀಳುತ್ತೆ.

ಜಗಳನೂ ಆಡ್ತಿದ್ವಿ. ನಾನು ಟೀಚರ್ ಕೆಲಸ ಬಿಟ್ಟು ಸಂಘಟನೆಗೆ ಪೂರ್ತಿ ಇಳೀತೀನಿ ಅಂದಾಗ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಬೆಳಗ್ಗೆ ರಾಗಿ ರೊಟ್ಟಿ ತಂದು ಮುಂದಿಟ್ಟು, ‘ನೀನು ಹೇಳಿದ್ದು ಸರಿ ಅಂತ ಅಲ್ಲ ಕಣಮ್ಮಿ, ಹಸ್ಕೊಂಡಿರ್ತೀಯ ಅಂತ’ ಅಂದಳು. ಆಮೇಲೆ ಯಾವ ಜಾಥಾ ಇದ್ರೂ ಅವಳೇ ನನಗಿಂತ ಮುಂಚೆ ರೆಡಿ.

‘ಒಂದು ದಿನಕ್ಕೂ ಯಾರನ್ನೂ ದೂರಿದವಳಲ್ಲ’ ಅಂತ ಬರೆದಿದ್ದೀರಲ್ಲ, ನಮ್ಮ ಗುಡಿಸಲ ಒಳಗೆ ಕೂತು ಕೇಳಿದ್ದೀರಾ ಅವಳು ಏನು ಮಾತಾಡ್ತಿದ್ದಳು ಅಂತ? ನಿಮ್ಮ ಹಿತ್ತಲಲ್ಲಿ ಅವಳು ಬಾಯಿ ಬಿಡ್ತಿರಲಿಲ್ಲ, ಸರಿ. ಮಾತಾಡಿದ್ರೆ ಸಂಜೆ ಮನೇಲಿ ಮುದ್ದೆಗೆ ಹಿಟ್ಟು ಇರ್ತಿರಲಿಲ್ಲ. ಅದನ್ನ ತಾಳ್ಮೆ ಅನ್ನಬೇಡಿ. ಅದು ನಿಮಗಿದ್ದ ಅಧಿಕಾರ.

*

ಅಜ್ಜಿ ಸೂಲಗಿತ್ತಿ. ಅವಳವ್ವನೂ ಸೂಲಗಿತ್ತಿ. ನಮ್ಮ ಸುತ್ತಿನ ನಾಲ್ಕೈದು ಊರಿಗೆ ರಸ್ತೆ ಇಲ್ಲದ ಕಾಲದಲ್ಲಿ, ಪಿ.ಎಚ್.ಸಿ. ಇದ್ದರೂ ಡಾಕ್ಟರು ಇಲ್ಲದ ಕಾಲದಲ್ಲಿ, ಇವರೇ ಆಸ್ಪತ್ರೆ. ಹೊಟ್ಟೆ ಮುಟ್ಟಿ ನೋಡಿ ಕೂಸು ತಲೆ ಕೆಳಗಾಗಿದೆಯೋ ಅಡ್ಡ ನಿಂತಿದೆಯೋ ಹೇಳ್ತಿದ್ದಳು. ಅಡ್ಡ ಇದ್ರೆ ನಾಲ್ಕು ದಿನ ಮುಂಚೆಯೇ ‘ನನ್ನ ಕೈಲಾಗಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ’ ಅಂತ ಗಾಡಿ ಕಟ್ಟಿಸ್ತಿದ್ದಳು. ತನಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನೋದು ಗೊತ್ತಿದ್ದ ಹೆಂಗಸು. ಎಷ್ಟು ಓದಿದವರಿಗೆ ಅಷ್ಟು ಗೊತ್ತಿರುತ್ತೆ ಹೇಳಿ?

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಟಿವಿ ಮುಂದೆ ಕೂತು ಅಜ್ಜಿ ಕೈ ಮುಗಿದಳು. ಆಮೇಲೆ ಅಂದಳು: ‘ಆ ಯಮ್ಮನ್ನ ಮುಂದ್ಲು ಬಾಗ್ಲಲ್ಲಿ ಒಳಕ್ಕೆ ಕರ್ದವ್ರೆ, ನೋಡಮ್ಮಿ.’

ಅವಳು ಯಾಕೆ ಹಾಗಂದಳು ಅಂತ ಹೇಳ್ತೀನಿ ಕೇಳಿ. ಹೆರಿಗೆ ನೋವು ಬಂದ ರಾತ್ರಿ ದೊಡ್ಡ ಮನೆ ಆಳು ಲಾಂದ್ರ ಹಿಡ್ಕೊಂಡು ಕೇರಿಗೆ ಓಡಿ ಬರೋನು. ಅಜ್ಜಿ ಹೋಗೋಳು, ಹಿತ್ತಲ ಬಾಗಿಲಿಂದ. ಬೇರೆ ದಿನ ಅವಳ ನೆರಳು ಬಿದ್ದರೆ ನೀರು ಚಿಮುಕಿಸೋ ಮನೆಯ ಒಳಕೋಣೆಗೆ ಆ ರಾತ್ರಿ ಮಾತ್ರ ಪ್ರವೇಶ. ಆ ರಾತ್ರಿ ಅವಳು ಮುಟ್ಟಬಹುದು. ಹೊಟ್ಟೆ ಮುಟ್ಟಬಹುದು, ರಕ್ತ ಮುಟ್ಟಬಹುದು. ಹೊಕ್ಕುಳಬಳ್ಳಿ ಅವಳೇ ಕುಯ್ಯಬೇಕು, ಮಾಸು ಅವಳೇ ಹೂಳಬೇಕು, ಆ ಬಟ್ಟೆ ಎಲ್ಲ ಅವಳೇ ಹಳ್ಳಕ್ಕೆ ಒಯ್ದು ಒಗೀಬೇಕು. ಬಾಣಂತಿಗೆ, ಕೂಸಿಗೆ ನೀರು ಹಾಕಿ ಮುಗಿಸುವಷ್ಟರಲ್ಲಿ ಪುರುಡು ಕಳೆಯೋ ದಿನ ಬರೋದು. ಅವತ್ತು ಮನೆಯೆಲ್ಲ ಸಗಣಿಯಲ್ಲಿ ಸಾರಿಸಿ, ಗಂಜಲ ಚಿಮುಕಿಸಿ ಶುದ್ಧ. ಅವತ್ತಿನಿಂದ ಅವಳು ಮತ್ತೆ ಅಂಗಳದಾಚೆ.

ಕೂಲಿ? ಮೊರದಲ್ಲಿ ರಾಗಿ, ಎಲೆ ಅಡಿಕೆ, ಒಂದು ಹಳೇ ಸೀರೆ. ಮೊರನೂ ಕೈಗೆ ಕೊಡ್ತಿರಲಿಲ್ಲ, ನೆಲದ ಮೇಲೆ ಇಡೋರು, ಇವಳು ಎತ್ಕೋಬೇಕು. ಗಂಡು ಕೂಸಾದ್ರೆ ಒಂದು ಸೇರು ಜಾಸ್ತಿ. ಕಾಫಿ ಕೊಡ್ತಿದ್ರಲ್ಲ ಅಂತೀರಾ? ಕೊಡ್ತಿದ್ರು, ತೆಂಗಿನ ಚಿಪ್ಪಲ್ಲಿ. ಆ ಚಿಪ್ಪು ಹಿತ್ತಲ ಸೂರಿನ ಸಂದಿಯಲ್ಲಿ ಸಿಕ್ಕಿಸಿರೋರು. ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಬರಬೇಕು. ನಾನು ಹೇಳ್ತಿರೋದು ಬ್ರಿಟಿಷರ ಕಾಲದ ಕಥೆ ಅಲ್ಲ. ನಾನೇ ಕಣ್ಣಾರೆ ಆ ಚಿಪ್ಪು ನೋಡಿದ್ದೀನಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ಇನ್ನಿಲ್ಲ ಅಂದಿದ್ದು 1950ರಲ್ಲಿ. ಅದನ್ನ ಅಪರಾಧ ಮಾಡಿದ ಕಾಯ್ದೆ ಬಂದಿದ್ದು 1955ರಲ್ಲಿ. ಚಿಪ್ಪು ಮಾತ್ರ ನಾನು ಶಾಲೆಗೆ ಹೋಗೋ ಕಾಲಕ್ಕೂ ಸೂರಿನಲ್ಲೇ ಇತ್ತು.

ಅದಕ್ಕೇ ಕೇಳ್ತೀನಿ. ‘ನನ್ನನ್ನ ಭೂಮಿಗೆ ತಂದ ಕೈ’ ಅಂತ ಬರೆದಿದ್ದೀರಿ. ಆ ಕೈಗೆ ಒಂದು ಲೋಟ ಕೊಡಕ್ಕಾಗಲಿಲ್ಲವಾ?

ಮುಟ್ಟೋದು ಬಿಡೋದು ಯಾವಾಗ ಅಂತ ತೀರ್ಮಾನ ಮಾಡ್ತಿದ್ದವರು ಯಾವಾಗಲೂ ನೀವೇ. ನಿಮಗೆ ಬೇಕಾದಾಗ ಮುಟ್ಟಿಸಿಕೊಂಡಿರಿ, ಬೇಡವಾದಾಗ ತೊಳೆದುಕೊಂಡಿರಿ. ಅಸ್ಪೃಶ್ಯತೆ ಅಂದ್ರೆ ಮುಟ್ಟದೇ ಇರೋದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಯಾರು, ಯಾವಾಗ, ಯಾತಕ್ಕೆ ಮುಟ್ಟಬಹುದು ಅಂತ ಒಂದೇ ಕಡೆಯವರು ಹೇಳೋದೇ ಅಸ್ಪೃಶ್ಯತೆ.

*

ಇದೆಲ್ಲ ನಿಮಗೆ ಗೊತ್ತಿರೋದೇ. ಇಷ್ಟೇ ಆಗಿದ್ರೆ ನಾನು ಈ ಪೋಸ್ಟ್ ಬರೀತಿರಲಿಲ್ಲ, ಸಾವಿನ ಮನೇಲಿ ಯಾಕೆ ಬಿಡು ಅಂತ ಸುಮ್ಮನಿರ್ತಿದ್ದೆ. ಬರೆಯೋಕೆ ಕಾರಣ ಎರಡು ಎಕರೆ ಜಮೀನು.

1964ರಲ್ಲಿ ನಮ್ಮ ತಾತನಿಗೆ ಸರ್ಕಾರದಿಂದ ಎರಡು ಎಕರೆ ಮಂಜೂರಾಯ್ತು. ಸಾಗುವಳಿ ಚೀಟಿ ಇದೆ, ಅಜ್ಜಿ ಟ್ರಂಕಲ್ಲಿ ಮದುವೆ ಸೀರೆ ಒಳಗೆ ಸುತ್ತಿಟ್ಟಿದ್ದಳು. ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಚೀಟಿಯಲ್ಲೇ ಷರತ್ತಿದೆ. 1972ರಲ್ಲಿ ದೊಡ್ಡತ್ತೆ ಮದುವೆಗೆ ಅಂತ ತಾತ ದೊಡ್ಡ ಮನೆಯಲ್ಲಿ ಸಾಲ ಕೇಳಿದ. ‘ಭೋಗ್ಯಕ್ಕೆ ಬರೆದುಕೊಡು, ದುಡ್ಡು ಕೊಟ್ಟ ದಿನ ಬಿಡಿಸಿಕೊ’ ಅಂದ್ರು. ಹೆಬ್ಬೆಟ್ಟು ಒತ್ತಿದ. ಕಾಗದದಲ್ಲಿದ್ದಿದ್ದು ಭೋಗ್ಯ ಅಲ್ಲ, ಶುದ್ಧ ಕ್ರಯ. ಸಾಲ ತೀರಿಸೋಕೆ ಹೋದಾಗಲೇ ಗೊತ್ತಾಗಿದ್ದು. ಅವತ್ತಿಂದ ಆ ಎರಡು ಎಕರೆಯಲ್ಲಿ ಅಜ್ಜಿ ತಾತ ಕೂಲಿ ಮಾಡಿದರು. ತಮ್ಮ ಹೊಲದಲ್ಲಿ ತಾವೇ ಕೂಲಿ.

ಇಂಥ ಮೋಸ ನಮ್ಮೊಬ್ಬರಿಗೇ ಆಗಿದ್ದಲ್ಲ, ರಾಜ್ಯದ ತುಂಬ ಆಗಿದೆ. ಅದಕ್ಕೇ 1978ರಲ್ಲಿ ಒಂದು ಕಾಯ್ದೆ ಬಂತು, ಪಿಟಿಸಿಎಲ್ ಅಂತ ಎಲ್ಲರೂ ಕರೆಯೋದು. 1979ರ ಜನವರಿ 1ರಿಂದ ಜಾರಿ. ಹೊಸ ಹುಡುಗರಿಗಾಗಿ ಬಿಡಿಸಿ ಹೇಳ್ತೀನಿ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಮಂಜೂರಾತಿ ಷರತ್ತು ಮೀರಿ ಯಾರಾದರೂ ಬರೆಸಿಕೊಂಡಿದ್ದರೆ, ಅದು ಕಾಯ್ದೆ ಬರೋಕೆ ಮುಂಚೆ ಆಗಿದ್ರೂ ಅಸಿಂಧು. ಆಮೇಲೆ ಮಾರಬೇಕು ಅಂದ್ರೆ ಸರ್ಕಾರದ ಪೂರ್ವಾನುಮತಿ ಬೇಕು, ಇಲ್ಲದಿದ್ರೆ ಅದೂ ಅಸಿಂಧು. ಎ.ಸಿ.ಗೆ ಅರ್ಜಿ ಕೊಟ್ಟರೆ ಅವರು ಜಮೀನು ಬಿಡಿಸಿ ಮೂಲ ಮಂಜೂರುದಾರರಿಗೆ, ಅವರಿಲ್ಲದಿದ್ರೆ ವಾರಸುದಾರರಿಗೆ ಕೊಡಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನ ಎತ್ತಿಹಿಡಿಯಿತು. ಅರ್ಜಿಗೆ ಇಷ್ಟೇ ವರ್ಷದ ಗಡುವು ಅಂತ ಕಾಯ್ದೆಯಲ್ಲಿ ಎಲ್ಲೂ ಇರಲಿಲ್ಲ.

ಹಾಗಾದ್ರೆ 1979ರಲ್ಲೇ ಅಜ್ಜಿ ಯಾಕೆ ಅರ್ಜಿ ಹಾಕಲಿಲ್ಲ?

ಇಲ್ಲೇ ಇರೋದು ಆ ‘ಮನೆಯವಳ ಹಾಗೆ’ಯ ಗುಟ್ಟು. ಸಂಘದ ಹುಡುಗರು ಊರಿಗೆ ಬಂದು ಕಾಯ್ದೆ ಬಗ್ಗೆ ಹೇಳಿದ ವರ್ಷ ತಾತ ಹೋಗಿ ದೊಡ್ಡ ಮನೆಯಲ್ಲಿ ಕೇಳಿದ್ದಾನೆ. ಗದರಿಸಲಿಲ್ಲ, ಹೊಡೆಯಲಿಲ್ಲ. ಜಗಲಿ ಕೆಳಗೆ ಕೂರಿಸಿ ಒಂದೇ ಮಾತು ಅಂದಿದ್ದಾರೆ: ‘ನಮ್ಮ ಮನೆಯವರೇ ಆಗಿ ನಮ್ಮ ಮೇಲೇ ಕೇಸು ಹಾಕ್ತೀರಾ? ನಿಮ್ಮನ್ನ ಯಾವತ್ತಾದ್ರೂ ಕೈ ಬಿಟ್ಟಿದ್ದೀವಾ?’ ಮುಂದಿನ ವರ್ಷ ನೋಡೋಣ ಅಂದ್ರು. ಮಗನ ಮದುವೆ ಆಗಲಿ ಅಂದ್ರು. ಬೋರ್‌ವೆಲ್ ಹಾಕಿಸಿದ್ದೀವಿ, ಆ ಖರ್ಚು ಬರಲಿ ಅಂದ್ರು. ಒಂದೊಂದು ಸಲ ಕೇಳಿದಾಗಲೂ ಒಂದು ಮೂಟೆ ರಾಗಿ ಮನೆಗೆ ಬರೋದು. ತಾತ ಹಾಗೇ ಕೇಳ್ತಾ ಕೇಳ್ತಾ 1988ರಲ್ಲಿ ಸತ್ತ.

ಅಜ್ಜಿ ಕೇಳಿದಳು. ಅವಳಿಗೂ ಅದೇ ಮಾತು. ಸೊಸೆಗೆ ದಿನ ತುಂಬಿದೆ, ಹೆರಿಗೆ ಆಗಲಿ, ನೀನೇ ಅಲ್ವಾ ನಮಗೆ ದಿಕ್ಕು. ಆ ಹೆರಿಗೆನೂ ಮಾಡಿಸಿದಳು. ಇವತ್ತು ‘ನನ್ನನ್ನ ಭೂಮಿಗೆ ತಂದಳು’ ಅಂತ ಬರೆದವರ ತಮ್ಮ ಹುಟ್ಟಿದ ಹೆರಿಗೆ ಅದು. ಒಂದು ಕೂಸು ಹುಟ್ಟಿತು, ಎರಡು ಎಕರೆ ಇನ್ನೂ ಒಂದು ವರ್ಷ ಮುಂದೆ ಹೋಯ್ತು.

ನಮ್ಮವರನ್ನ ಹೊಡೆದು ಬಡಿದು ಜಮೀನು ಕಿತ್ತುಕೊಂಡ ಕಡೆ ಪ್ರತಿರೋಧ ಬೇಗ ಬಂದಿದೆ. ಪ್ರೀತಿ ತೋರಿಸಿ ಕಿತ್ತುಕೊಂಡ ಕಡೆ ಎರಡು ತಲೆಮಾರು ಹೋಗಿದೆ. ಅದಕ್ಕೇ ನನಗೆ ಬೈಗುಳಕ್ಕಿಂತ ‘ನಮ್ಮ ಮನೆಯವಳು’ ಅನ್ನೋ ಮಾತು ಕಂಡ್ರೆ ಜಾಸ್ತಿ ಭಯ.

1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂತಲ್ಲ, ಲಾಟೀನು ಬೆಳಕಲ್ಲಿ ಸ್ಲೇಟು ಹಿಡಿದು ಅಜ್ಜಿ ತನ್ನ ಹೆಸರು ಬರೆಯೋದು ಕಲಿತಳು. ಐವತ್ತು ದಾಟಿತ್ತು. ಅರ್ಧ ಹೆಸರು ಬರೆದು ಕೈ ನೋವು ಅನ್ನೋಳು, ಆದ್ರೂ ಬಿಡ್ತಿರಲಿಲ್ಲ. ಕೊನೆಗೆ 2012ರಲ್ಲಿ ಎ.ಸಿ. ಕಚೇರಿಗೆ ಅರ್ಜಿ ಹಾಕಿದಾಗ ಅಲ್ಲಿನ ಗುಮಾಸ್ತ ಅಭ್ಯಾಸಬಲದಿಂದ ಇಂಕಿನ ಪ್ಯಾಡ್ ಮುಂದೆ ತಳ್ಳಿದ. ಅಜ್ಜಿ ಪ್ಯಾಡ್ ವಾಪಸ್ ತಳ್ಳಿದಳು. ‘ಹೆಬ್ಬೆಟ್ಟು ಒತ್ತೇ ಸ್ವಾಮಿ ಕಳ್ಕೊಂಡಿದ್ದು’ ಅಂತ ಪೆನ್ನು ಕೇಳಿದಳು. ಸಹಿ ಹಾಕೋಕೆ ಐದು ನಿಮಿಷ ಹಿಡೀತು. ಹಿಂದೆ ನಿಂತ ಜನ ಗೊಣಗಿದರು. ಪೂರ್ತಿ ಬರೆದೇ ಪೆನ್ನು ಕೊಟ್ಟಳು.

2014ರಲ್ಲಿ ಎ.ಸಿ. ಆದೇಶ ನಮ್ಮ ಕಡೆ ಆಯ್ತು. ಜಾತಿಯನ್ನೇ ನೋಡದ ಮನೆಯವರು ಡಿ.ಸಿ.ಗೆ ಮೇಲ್ಮನವಿ ಹೋದರು. ಅಷ್ಟರಲ್ಲಿ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಬಂತು. ಗಡುವು ಇಲ್ಲದಿದ್ರೂ ‘ಸಮಂಜಸ ಅವಧಿ’ಯೊಳಗೆ ಬರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದನ್ನ ಹಿಡಿದು ಸಾಲುಸಾಲಾಗಿ ನಮ್ಮ ಜನರ ಅರ್ಜಿಗಳು ಬಿದ್ದವು. ನಮ್ಮದೂ 2018ರಲ್ಲಿ ಬಿತ್ತು. ಕಾರಣ: ವಿಳಂಬ.

ವಿಳಂಬ! ಯಾರ ವಿಳಂಬ? ಮೂಟೆ ರಾಗಿ ಕಳಿಸಿ ತಡ ಮಾಡಿಸಿದವರು ಯಾರು? ‘ಮನೆಯವರಾಗಿ ಕೇಸು ಹಾಕ್ತೀರಾ’ ಅಂದವರು ಯಾರು? ಮನೆ ಜಗಲಿ ಮೇಲೆ ‘ನೀನು ನಮ್ಮವಳು, ಆತುರ ಯಾಕೆ’ ಅನ್ನೋದು. ಕೋರ್ಟಿನಲ್ಲಿ ‘ಈಕೆ ಇಷ್ಟು ವರ್ಷ ಮಲಗಿದ್ದಳು’ ಅಂತ ವಾದ ಮಾಡಿಸೋದು. ಒಂದೇ ನಾಲಿಗೆ, ಎರಡು ಕಡೆ ಎರಡು ಮಾತು.

ಮುಂದಿನದ್ದು ನಿಮಗೆ ಗೊತ್ತು. ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ನಮ್ಮವರು ಧರಣಿ ಕೂತರು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಈ ಕಾಯ್ದೆಯಡಿ ಅರ್ಜಿ ಹಾಕೋಕೆ ಯಾವ ಕಾಲಮಿತಿಯೂ ಇಲ್ಲ ಅಂತ. ಸುದ್ದಿ ಓದಿ ಹೇಳಿದಾಗ ಅಜ್ಜಿ ಚಾಪೆ ಮೇಲೆ ಎದ್ದು ಕೂತು, ‘ಇನ್ನೊಂದ್ಸಲ ಓದು’ ಅಂದಳು. ಆದರೆ ತಿದ್ದುಪಡಿ ಬಂದ ಮೇಲೂ ಹೈಕೋರ್ಟಿನ ತೀರ್ಪುಗಳಲ್ಲಿ ಅದೇ ವಿಳಂಬದ ಪ್ರಶ್ನೆ ತಿರುಗಿ ಬಂದಿದೆ. ನಮ್ಮ ರಿಟ್ ಇನ್ನೂ ನಡೀತಿದೆ. ‘ಲಾಯರ್ರು ಏನಂದ್ರು ಅಮ್ಮೀ?’ ಅಂತ ಕೇಳ್ತಾ ಕೇಳ್ತಾ ಅವಳು ಹೋದಳು.

ಈಗ ಹೇಳಿ, ಇದು ‘ಕಣ್ಣು ತೇವ’ ಆಗಬೇಕಾದ ವಿಷಯನಾ?

*

ಪ್ರಗತಿಪರ ಗೆಳೆಯರಿಗೆ ಎರಡು ಮಾತು.

ಊರಿನ ಹಳೇ ಸಂಬಂಧಗಳು ಚೆನ್ನಾಗಿದ್ದವು, ರಾಜಕೀಯ ಬಂದು ಕೆಟ್ಟಿತು ಅನ್ನೋ ಕಥೆ ನಿಮಗೆ ಯಾಕಿಷ್ಟು ಇಷ್ಟ ಆಗುತ್ತೆ? ನಿಮ್ಮ ಕಥೆಗಳಲ್ಲಿ, ಸಿನಿಮಾಗಳಲ್ಲಿ ಕೇರಿಯ ಅಜ್ಜಿ ಅಂದ್ರೆ ಯಾವಾಗಲೂ ಒಡೆಯರ ಮಗುವನ್ನ ಎತ್ತಾಡಿಸಿದವಳು, ಬೊಚ್ಚು ಬಾಯಲ್ಲಿ ಹರಸೋಳು. ಅವಳ ಕೈಯಲ್ಲಿ ಪಹಣಿ ಇರಲ್ಲ, ಸಾಗುವಳಿ ಚೀಟಿ ಇರಲ್ಲ, ವಕಾಲತ್ತು ಇರಲ್ಲ. ಹರಸೋ ಅಜ್ಜಿ ಬೇಕು, ಅರ್ಜಿ ಹಾಕೋ ಅಜ್ಜಿ ಬೇಡ.

ಅದೇ ಹೊತ್ತಿಗೆ ಒಂದು ಮಾತು ಸ್ಪಷ್ಟ ಮಾಡ್ತೀನಿ, ಇಲ್ಲದಿದ್ರೆ ‘ಇವರಿಗೆ ಸ್ನೇಹ, ಪ್ರೀತಿ ಯಾವುದೂ ಬೇಡ’ ಅಂತ ಶುರು ಮಾಡ್ತೀರಿ. ಸ್ನೇಹ ಏನು ಅಂತ ನಮ್ಮಜ್ಜಿಗೆ ನಿಮಗಿಂತ ಚೆನ್ನಾಗಿ ಗೊತ್ತಿತ್ತು. ಅವಳಿಗೊಬ್ಬ ಗೆಳತಿ ಇದ್ದಳು, ಬಳೆ ಮಲಾರ ಹೊತ್ತು ಬರ್ತಿದ್ದ ಸಾಬರ ಹೆಂಗಸು. ನಲವತ್ತು ವರ್ಷದ ಸ್ನೇಹ. ಊರಲ್ಲಿ ವ್ಯಾಪಾರ ಮುಗಿಸಿ ಮಧ್ಯಾಹ್ನ ನಮ್ಮ ಗುಡಿಸಲಿಗೆ ಬಂದು, ನಮ್ಮ ತಟ್ಟೇಲೇ ಮುದ್ದೆ ಉಂಡು, ಅಜ್ಜಿ ಚಾಪೆ ಮೇಲೇ ಒಂದು ಗಳಿಗೆ ಉರುಳಿಕೊಂಡು ಹೋಗೋಳು. ರಂಜಾನಿಗೆ ಅಜ್ಜಿ ಅವರ ಮನೆಗೆ ಹೋಗಿ ಎರಡು ರಾತ್ರಿ ಉಳಿದು ಬರೋಳು. ಬಳೆ ದುಡ್ಡಿಗೆ ಇಬ್ಬರೂ ಬೀದಿಗೆ ಕೇಳೋ ಹಾಗೆ ಜಗಳ ಆಡ್ತಿದ್ದರು. ಜಮೀನಿನ ವಿಷಯದಲ್ಲಿ ‘ಕೇಸು ಹಾಕೇ, ಯಾರಿಗೆ ಹೆದರ್ತೀಯ’ ಅಂತ ಊರಲ್ಲಿ ಮೊದಲು ಅಂದಿದ್ದು ಅವಳೇ. ಅವಳು ಯಾವತ್ತೂ ಅಜ್ಜಿನ ‘ಅಕ್ಕನ ಹಾಗೆ’ ಅನ್ನಲಿಲ್ಲ. ಅಕ್ಕ ಅಂದಳು.

ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಮೂರನ್ನೂ ಬಿಡಿಸಿ ನೋಡಬೇಡಿ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಆಮೇಲೆ ಬುದ್ಧನ ದಾರಿಯಲ್ಲಿ ಅವರು ಎತ್ತಿ ಹಿಡಿದಿದ್ದು ಮೈತ್ರಿ. ಮೈತ್ರಿ ಅಂದ್ರೆ ಕರುಣೆಗಿಂತ ಆಚೆಯದ್ದು. ಕರುಣೆ ಜಗಲಿ ಮೇಲೆ ನಿಂತೂ ತೋರಿಸಬಹುದು. ಮೈತ್ರಿಗೆ ಕೆಳಗಿಳಿದು ಪಕ್ಕದಲ್ಲಿ ಕೂರಬೇಕು. ಕೂತರೆ ಸಾಲದು, ಎದುರಿನವಳು ‘ನನ್ನ ಹೊಲ ಕೊಡು’ ಅಂದಾಗಲೂ ಮುಖ ಕೆಡಿಸಿಕೊಳ್ಳದೆ ಕೂತಿರಬೇಕು. ದೊಡ್ಡ ಮನೆಗೂ ನಮ್ಮಜ್ಜಿಗೂ ಇದ್ದದ್ದು ಮೈತ್ರಿ ಆಗಿದ್ರೆ 2012ರ ನೋಟಿಸ್ ಬಂದ ದಿನವೂ ಅದು ಉಳೀತಿತ್ತು. ಉಳೀಲಿಲ್ಲ. ನೋಟಿಸ್ ಬಂದ ವಾರದಲ್ಲೇ ನಮ್ಮ ಮನೆಯವರಿಗೆ ಕೂಲಿ ನಿಂತಿತು. ಅಂಗಡಿಯಲ್ಲಿ ಸಾಲ ನಿಂತಿತು. ಅವತ್ತಿಂದ ಸಾಯೋವರೆಗೆ ಆ ಮನೆಯ ಒಬ್ಬರೂ ಅವಳನ್ನ ಮಾತಾಡಿಸಲಿಲ್ಲ. ಉಸಿರು ನಿಂತ ಮೇಲೆ ಮತ್ತೆ ‘ನಮ್ಮ ಮನೆಯವಳು’. ಸತ್ತವಳು ಅರ್ಜಿ ಹಾಕಲ್ಲ ಅನ್ನೋ ಧೈರ್ಯ ಇರಬೇಕು.

*

ಇನ್ನು ಮಣ್ಣಿನ ವಿಷಯ. ಮಣ್ಣಿಗೆ ಬಂದವರು ನೋಡಿದ್ದೀರಿ, ಅಜ್ಜಿನ ಎಲ್ಲಿ ಇಟ್ಟಿದ್ದು ಅಂತ. ಹಳ್ಳದ ಅಂಚು. ದೊಡ್ಡ ಮಳೆ ಬಂದರೆ ನೀರು ನುಗ್ಗೋ ಜಾಗ. ನಮ್ಮ ಕೇರಿಗೆ ಸ್ಮಶಾನ ಇಲ್ಲ. ಊರಿನ ಸ್ಮಶಾನಕ್ಕೆ ತಂತಿ ಬೇಲಿ ಇದೆ, ಗೇಟಿದೆ, ನೀರಿನ ತೊಟ್ಟಿ ಇದೆ. ಊರಲ್ಲಿ ಯಾರಾದ್ರೂ ಸತ್ತರೆ ಗುಂಡಿ ತೋಡೋಕೆ ಮಾತ್ರ ನಮ್ಮ ಹುಡುಗರು ಆ ಗೇಟು ದಾಟಬಹುದು.

ಊರೂರಿಗೂ ಸ್ಮಶಾನಕ್ಕೆ ಜಾಗ ಕೊಡಿ ಅಂತ ಹೈಕೋರ್ಟ್ ಸರ್ಕಾರಕ್ಕೆ ಹೇಳಿದ್ದು 2019ರಲ್ಲಿ. ಪಾಲನೆ ಆಗದೆ ನ್ಯಾಯಾಂಗ ನಿಂದನೆ ಅರ್ಜಿವರೆಗೂ ಹೋಯ್ತು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಪ್ರಕಾರ ನಮ್ಮವರ ಕೈಲಿ ಗುಂಡಿ ತೋಡಿಸೋದೂ ಅಪರಾಧ, ಸ್ಮಶಾನವನ್ನ ಎಲ್ಲರಂತೆ ಬಳಸೋಕೆ ಅಡ್ಡಿ ಮಾಡೋದೂ ಅಪರಾಧ. ಊರಿನ ಎಷ್ಟು ಜನಕ್ಕೆ ಇದು ಗೊತ್ತು? ಮನೆಯವಳ ಹಾಗೆ ಇದ್ದವಳಿಗೆ ಆ ಬೇಲಿಯೊಳಗೆ ಆರಡಿ ಜಾಗ ಕೊಡಿಸೋಣ ಅಂತ ಶ್ರದ್ಧಾಂಜಲಿ ಬರೆದವರಿಗೆ ಯಾಕೆ ಅನ್ನಿಸಲಿಲ್ಲ?

*

ಪೋಸ್ಟ್ ಬರೆದವರಿಗೆ ನನ್ನ ಕೇಳಿಕೆ ಮೂರು. ಒಂದು, ಆ ಬರಹ ತೆಗೀರಿ, ಇಲ್ಲವೇ ಅದರ ಕೆಳಗೆ ಎರಡು ಎಕರೆಯ ವಿಷಯನೂ ಬರೀರಿ. ಎರಡು, ನಿಮ್ಮ ಮನೆಯವರ ಪರವಾಗಿ ಕೋರ್ಟಿನಲ್ಲಿ ವಿಳಂಬದ ವಾದ ಬಿಟ್ಟುಬಿಡಿ. ಯಾವ ಕಾನೂನೂ ನಿಮ್ಮನ್ನ ಆ ವಾದ ಮಾಡಲೇಬೇಕು ಅಂತ ಬಲವಂತ ಮಾಡ್ತಿಲ್ಲ. ಮೂರು, ಇದ್ಯಾವುದೂ ಆಗಲ್ಲ ಅಂದ್ರೆ ಅವಳ ಫೋಟೋ ಇಳಿಸಿ. ಅವಳು ನಮ್ಮ ಮನೆಯವಳು. ಹಾಗೆ ಅಲ್ಲ, ನಿಜವಾಗಿ.

ಸಂಗಾತಿಗಳಿಗೆ ಕೆಲಸ ಹೇಳ್ತೀನಿ. ಅಜ್ಜಿ ಹೆಸರಲ್ಲಿ ನುಡಿನಮನ ಮಾಡೋಣ, ಫ್ಲೆಕ್ಸ್ ಹಾಕಿಸೋಣ ಅಂತ ಕೆಲವರು ಕೇಳಿದ್ರಿ. ಫ್ಲೆಕ್ಸ್ ಬೇಡ. ಆ ದುಡ್ಡಲ್ಲಿ ನಮ್ಮ ಹೋಬಳಿಯಲ್ಲಿ ಒಂದು ದಿನ ಕೂರೋಣ. ನಿಮ್ಮ ನಿಮ್ಮ ಅಜ್ಜಿ ತಾತಂದಿರ ಟ್ರಂಕು ತೆಗೀರಿ. ಸಾಗುವಳಿ ಚೀಟಿ, ಹಳೇ ಪಹಣಿ, ಕಂದಾಯ ರಸೀದಿ ಏನಿದ್ರೂ ಹರಿದಿದ್ರೂ ತನ್ನಿ. ಮೂಲ ಮಂಜೂರಾತಿ ಕಡತದ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹೇಗೆ ಹಾಕೋದು ಅಂತ ನಮ್ಮ ವಕೀಲ ಗೆಳೆಯರು ಅಲ್ಲೇ ಕೂತು ಬರೆದುಕೊಡ್ತಾರೆ. ಬದುಕಿರೋ ಹಿರಿಯರ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ವರ್ಷ ಕೇಳಿದಿರಿ, ಅವರು ಏನಂದ್ರು, ಯಾರ ಎದುರಿಗೆ ಅಂದ್ರು ಅಂತ ಒಂದೊಂದನ್ನೂ ಕೇಳಿ. ಕೋರ್ಟು ‘ಇಷ್ಟು ವರ್ಷ ಏನು ಮಾಡ್ತಿದ್ರಿ’ ಅಂತ ಕೇಳಿದಾಗ ಆ ತಡದ ಲೆಕ್ಕ ನಮ್ಮ ಹತ್ರ ಬರವಣಿಗೆಯಲ್ಲಿ ಇರಬೇಕು. ಸ್ಮಶಾನದ ಜಾಗಕ್ಕೆ ತಹಶೀಲ್ದಾರರಿಗೆ ಕೊಡೋ ಮನವಿಯನ್ನೂ ಅವತ್ತೇ ಬರೆಯೋಣ, ಕೇರಿಯವರೆಲ್ಲ ಸಹಿ ಹಾಕಲಿ. ಸಹಿ ಬರದವರಿಗೆ ಅಲ್ಲೇ ಕಲಿಸೋಣ, ಐದು ನಿಮಿಷ ಆದ್ರೂ ಪರವಾಗಿಲ್ಲ.

ಕೊನೇದಾಗಿ, ನಮ್ಮವರೂ ನಮ್ಮ ಹಿರಿಯರನ್ನ ‘ತಾಳ್ಮೆಯ ಮೂರ್ತಿ’ ಅನ್ನೋದು ನಿಲ್ಲಿಸಬೇಕು. ಅವರು ತಾಳ್ಮೆಯಿಂದ ಕಾಯಲಿಲ್ಲ, ಅವರನ್ನ ಕಾಯಿಸಲಾಯಿತು. ಎರಡಕ್ಕೂ ವ್ಯತ್ಯಾಸ ಇದೆ, ಆ ವ್ಯತ್ಯಾಸದ ಬೆಲೆ ನಮ್ಮ ಮನೆಗೆ ಎರಡು ಎಕರೆ.

ಅಜ್ಜಿ ಜಾಗಕ್ಕೆ ವಾರಸುದಾರರನ್ನ ಸೇರಿಸೋ ಅರ್ಜಿ ರೆಡಿ ಆಗ್ತಿದೆ. ಅದಕ್ಕೆ ನಾನು, ಅವ್ವ, ಚಿಕ್ಕಮ್ಮ ಮೂವರೂ ಸಹಿ ಹಾಕ್ತಿದ್ದೀವಿ. ಮುಂದಿನ ವಾಯಿದೆಯ ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕ್ತೀನಿ. ಬರೋರು ಬನ್ನಿ.

ಜೈ ಭೀಮ್.